ಕಾಲುಭಾಗ ಮೆದು

ಪ್ರೊಫೆಸರ್ ಆಂಬ್ರೋಜಿಯವರ ಬಾಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ‘ನೀವು’. ಕಿಂಗಾ ನಮ್ಮ ಲ್ಯಾಬಿಗೆ ಬಂದ ಮೂರನೆಯ ವಾರಕ್ಕೇ ‘ನೀನು’ ಆದಳು.

ಇಷ್ಟಕ್ಕೆಲ್ಲ ಹೊಟ್ಟೆ ಉರಿಸಿಕೊಳ್ಳುತ್ತಾರೆಯೇ ಎಂದು ನಗುವವರು ನಗಲಿ. ಪೋಲೆಂಡಿನ ನಮ್ಮ ಕ್ರಾಕೂಫ್‌ನಲ್ಲಿ ‘ನೀನು’ ಎಂಬುದು ಹಾದಿಬೀದಿಯಲ್ಲಿ ಸಿಗುವ ಮಾತಲ್ಲ. ಹಿರಿಯರು ತಾವಾಗಿ ಕೊಡಬೇಕು, ಕಿರಿಯರು ಕೇಳುವಂತಿಲ್ಲ. ನಾನು ಕೇಳಿದವಳೂ ಅಲ್ಲ. ಆದರೆ ಪ್ರತಿ ವರ್ಷ, ಹುಟ್ಟುಹಬ್ಬದ ಹಾಗೆ ನಾವು ಆಚರಿಸುವ ನನ್ನ ಹೆಸರಿನ ದಿನದಂದು ಅವರು ಹೂವು ಹಿಡಿದು ಬಂದು ಗ್ಲಾಸು ಎತ್ತುವಾಗ, ಈ ಸಲವಾದರೂ ಬಂದೀತು ಎಂದು ಕಿವಿ ನಿಮಿರಿಸಿಕೊಂಡು ನಿಂತಿದ್ದೇನೆ. “ನೂರು ವರ್ಷ ಬಾಳಿ, ಪಾನಿ ಬೊಗ್ನಾ” ಎನ್ನುವರು, ಗ್ಲಾಸು ಖಾಲಿ ಮಾಡುವರು, ಹೋಗುವರು. ಹೆಂಗಸರಿಗೆ ಪಾನಿ, ಗಂಡಸರಿಗೆ ಪಾನ್ ಎಂಬುದು ನಮ್ಮಲ್ಲಿ ಮರ್ಯಾದೆಯ ಮಾತು.

ಕಿಂಗಾ ಹತ್ತು ವರ್ಷದವಳಿದ್ದಾಗ ತಾಯಿಯ ಜೊತೆ ಎಡಿನ್‌ಬರೋಗೆ ಹೋದವಳು. ಅಲ್ಲೇ ಶಾಲೆ, ಅಲ್ಲೇ ಡಾಕ್ಟರೇಟು. ಇಪ್ಪತ್ತೊಂಬತ್ತಕ್ಕೆ ವಾಪಸು ಬಂದಾಗ ಅವಳ ಪೋಲಿಷ್ ಇನ್ನೂ ಹತ್ತು ವರ್ಷದ ಮಗುವಿನದೇ. ಒಂದು ದಿನ ಚಹಾ ಸಮಯದಲ್ಲಿ, ಎಲ್ಲರೆದುರಿಗೆ, ಎಪ್ಪತ್ತು ವರ್ಷದ ಪ್ರೊಫೆಸರನ್ನು “ಸಕ್ಕರೆ ಹಾಕ್ಕೊಳ್ತೀಯಾ?” ಎಂದು ಕೇಳಿಬಿಟ್ಟಳು. ನಮ್ಮೆಲ್ಲರ ಚಮಚಗಳು ಅಲ್ಲಲ್ಲೇ ನಿಂತವು. ಪ್ರೊಫೆಸರ್ ಮಾತ್ರ ಕನ್ನಡಕ ಜಾರುವಷ್ಟು ನಕ್ಕರು.

“ಎಷ್ಟು ವರ್ಷ ಆಯ್ತಪ್ಪ ಯಾರಾದ್ರೂ ನನ್ನ ಹೀಗೆ ಮಾತಾಡ್ಸಿ. ಆಗ್ಲಿ ಬಿಡು. ನನಗೆ ಆಂಬ್ರೋಜಿ ಅನ್ನು, ನೀನು ಅನ್ನು. ನಾನೂ ನಿನ್ನ ಹಾಗೇ ಕರೀತೀನಿ.”

ನನ್ನ ಇಪ್ಪತ್ತೆರಡು ವರ್ಷದ ನಡೆನುಡಿಗೆ ಸಿಗದೇ ಇದ್ದದ್ದು ಅವಳ ಒಂದು ವ್ಯಾಕರಣದ ತಪ್ಪಿಗೆ ಸಿಕ್ಕಿತು. ಮರುದಿನದಿಂದ ಇಡೀ ಲ್ಯಾಬು ಅವಳಿಗೆ ನೀನು ಎಂದಿತು. ನಾನೊಬ್ಬಳೇ ಹಟ ಹಿಡಿದು ‘ಪಾನಿ ಡಾಕ್ಟರ್, ನೀವು’ ಎನ್ನುತ್ತ ಉಳಿದೆ.

ಇದರ ಹಿಂದೆ ಇನ್ನೂ ದೊಡ್ಡ ಉರಿಯೊಂದಿತ್ತು. ಜೂನ್‌ನಲ್ಲಿ ಪ್ರೊಫೆಸರ್ ನಿವೃತ್ತರಾಗುವವರಿದ್ದರು. ಸೂಜಿಕೋಣೆ ಮುಂದೆ ಯಾರ ಕೈಗೆ ಎಂದು ಸಂಸ್ಥೆಯ ನಿರ್ದೇಶಕರಿಗೆ ಅವರು ಒಂದು ಹೆಸರು ಬರೆದುಕೊಡಬೇಕಿತ್ತು. ಆ ಕೋಣೆಯ ಗೋಡೆಗೆ ಬಣ್ಣ ಆರಿಸಿದವಳು ನಾನು. ಟ್ರಾಮ್ ಹೋದಾಗ ಮೇಜು ನಡುಗುತ್ತದೆಂದು ಅದರ ಕಾಲಿಗೆ ಅರ್ಧ ಟನ್ ಕಲ್ಲು ಕಟ್ಟಿಸಿದವಳು ನಾನು. ಕಿಂಗಾ ಬರುವ ತನಕ ಇನ್ನೊಂದು ಹೆಸರು ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಸೂಜಿ ಎಂದರೆ ಹೊಲಿಗೆಯದಲ್ಲ. ಕೂದಲಿಗಿಂತ ತೆಳ್ಳಗಿನ ಒಂದು ಪಟ್ಟಿ, ಅದರ ತುದಿಗೆ ಕಣ್ಣಿಗೆ ಕಾಣದ ಮೊನೆ. ಅದನ್ನು ಬದುಕಿರುವ ಜೀವಕೋಶದ ಮೇಲಿಳಿಸಿ ಒತ್ತುತ್ತೇವೆ, ಸಂತೆಯಲ್ಲಿ ಟೊಮೆಟೊ ಒತ್ತಿ ನೋಡಿದಂತೆ. ಪಟ್ಟಿ ಎಷ್ಟು ಬಾಗಿತು ಎಂಬುದರ ಮೇಲೆ ಕೋಶ ಎಷ್ಟು ಗಟ್ಟಿ ಎಂದು ಲೆಕ್ಕ. ಪ್ರತಿ ಸೂಜಿಗೂ ತನ್ನದೇ ಬಿಗಿ ಇರುತ್ತದೆ, ಆ ಬಿಗಿಗೊಂದು ಸಂಖ್ಯೆ ಇರುತ್ತದೆ. ಸಂಖ್ಯೆ ಕಡಿಮೆ ಹಾಕಿದರೆ ಕೋಶ ಇರುವುದಕ್ಕಿಂತ ಮೆದು ಎಂದು ಲೆಕ್ಕ ಬರುತ್ತದೆ. ಸಂಖ್ಯೆ ತಪ್ಪಿದರೆ ಮುಂದಿನದೆಲ್ಲ ತಪ್ಪು.

ನಾನು ಹೆಸರು ಮಾಡಿದ್ದೇ ಈ ಒತ್ತುವ ಕೆಲಸದಲ್ಲಿ. ಕರುಳಿನ ಕ್ಯಾನ್ಸರ್ ಆಗಿದ್ದ ಒಬ್ಬನೇ ರೋಗಿಯ ಎರಡು ಬಗೆಯ ಕೋಶಗಳು ನಮ್ಮಲ್ಲಿ ಬೆಳೆಯುತ್ತವೆ. ಮೊದಲ ಗಂಟಿನಿಂದ ತೆಗೆದವು ಒಂದು, ಅಲ್ಲಿಂದ ಕಿತ್ತುಕೊಂಡು ಹೋಗಿ ದೂರದಲ್ಲಿ ಬೇರುಬಿಟ್ಟವು ಇನ್ನೊಂದು. ನಾವು ಅವನ್ನು ಮನೆಗುಬ್ಬಿ, ಅಲೆಮಾರಿ ಎಂದು ಕರೆಯುತ್ತೇವೆ. ಅಲೆಮಾರಿ ಕೋಶ ಮನೆಗುಬ್ಬಿಗಿಂತ ಹೆಚ್ಚುಕಡಿಮೆ ಕಾಲುಭಾಗ ಮೆದು ಎಂದು ೨೦೦೫ರಲ್ಲಿ ನಾನು ಬರೆದೆ. ಒಳಗಿನ ಹಂದರದ ಎಳೆಗಳು ಸಡಿಲವಾಗಿರುವುದರಿಂದ ಅದು ಸಂದಿಗೊಂದಿಯಲ್ಲಿ ನುಸುಳಿ ರೋಗ ಹರಡುತ್ತದೆ ಎಂದೆ. ಆಮೇಲೆ ಬೇರೆ ಊರುಗಳಲ್ಲಿ ಬೇರೆ ಬೇರೆ ಕೋಶಗಳಲ್ಲೂ ಇಂಥದೇ ಮೆದುತನ ಸಿಕ್ಕಿತು. ಆದರೆ ಸಭೆಗಳಲ್ಲಿ ಇಂದಿಗೂ ‘ಬೊಗ್ನಾಳ ಕಾಲುಭಾಗ’ ಎಂಬ ಮಾತು ಕಿವಿಗೆ ಬೀಳುತ್ತದೆ. ಮದುವೆ ಮಕ್ಕಳು ಎಂದು ತಲೆ ಕೆಡಿಸಿಕೊಳ್ಳದವಳಿಗೆ ಅಷ್ಟು ಸಾಕಿತ್ತು.

ಕಿಂಗಾ ಕೈ ಹಾಕಿದ್ದೂ ಅದಕ್ಕೇ. ಅವಳು ಹೇಳಿದ್ದು ಇಷ್ಟು: ಸುಮ್ಮನೆ ಕೂತಿರುವಾಗ ಅಲೆಮಾರಿಗಳೂ ಮನೆಗುಬ್ಬಿಗಳೂ ಒಂದೇ ಸಮ ಗಟ್ಟಿ. ಕಿರಿದಾದ ಸಂದಿಯಲ್ಲಿ ತೂರುವ ಹೊತ್ತಿಗೆ ಮಾತ್ರ ಅಲೆಮಾರಿ ಮೆದುವಾಗುತ್ತದೆ, ಆಚೆ ಬಿದ್ದ ಮೇಲೆ ಮತ್ತೆ ಬಿಗಿಯಾಗುತ್ತದೆ. ಬಿಗಿಯುವ ಕೆಲಸ ವಿಮೆಂಟಿನ್ ಎಂಬ ಎಳೆಯದು. ಆ ಎಳೆಯನ್ನು ತೆಗೆದುಹಾಕಿದರೆ ಕೋಶ ಮೆದುವಾಗಿಯೇ ಉಳಿದು ಸಂದಿಯಲ್ಲೇ ಕೋಶಕೇಂದ್ರ ಒಡೆದು ಸಾಯುತ್ತದೆ. ಅಂದರೆ ಮೆದುವಾಗಿದ್ದ ಮಾತ್ರಕ್ಕೆ ಯಾವ ಕೋಶವೂ ದೂರ ಹೋಗುವುದಿಲ್ಲ. ಹಾಗಾದರೆ ನನ್ನ ಕಾಲುಭಾಗ ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಿದರೆ, “ಪಾನಿ ಬೊಗ್ನಾ ಅವರ ಕಾಲದಲ್ಲಿ ಸಲಕರಣೆ ಬೇರೆ ಇತ್ತು, ಕೋಣೆ ತಣ್ಣಗಿತ್ತು” ಎಂದು ನನ್ನ ಪರವಾಗಿ ಅವಳೇ ವಕಾಲತ್ತು ವಹಿಸುತ್ತಿದ್ದಳು. ಆ ವಕಾಲತ್ತಂತೂ ನನಗೆ ಮೈಯೆಲ್ಲ ಉರಿಸುತ್ತಿತ್ತು.

ಕೊಬ್ಬಿನ ಗುರುವಾರ ಅವಳ ಉಪನ್ಯಾಸ. ಈಸ್ಟರಿಗೆ ಮುಂಚಿನ ಉಪವಾಸದ ನಲವತ್ತು ದಿನ ಶುರುವಾಗುವ ಮೊದಲು ಊರಿಗೆ ಊರೇ ಪೋಂಚ್ಕಿ ತಿನ್ನುವ ದಿನ ಅದು. ಒಳಗೆ ಗುಲಾಬಿ ಜಾಮ್ ತುಂಬಿ ಎಣ್ಣೆಯಲ್ಲಿ ಕರಿದ ಉಬ್ಬುಬ್ಬಿದ ಸಿಹಿ. ಉಪನ್ಯಾಸ ಆದ ಮೇಲೆ ಹೆಸರು ಬರೆಯುತ್ತೇನೆ ಎಂದು ಪ್ರೊಫೆಸರ್ ಹೇಳಿದ್ದರು.

ಹಿಂದಿನ ದಿನ ಮಧ್ಯಾಹ್ನ ಕಿಂಗಾ ನನ್ನ ಬಾಗಿಲಿಗೆ ಬಂದಳು. ನನ್ನೊಡನೆ ಮಾತಾಡುವಾಗ ಮಾತ್ರ ಅವಳು ತಡವರಿಸಿಕೊಂಡು ‘ನೀವು’ ಹುಡುಕುತ್ತಿದ್ದಳು.

“ಪಾನಿ ಬೊಗ್ನಾ, ನಾಳೆಗೆ ಮುಂಚೆ ಒಂದ್ಸಲ ನನ್ನ ಲೆಕ್ಕ ನೋಡ್ತೀರಾ? ಸೂಜಿ ವಿಷಯದಲ್ಲಿ ನಿಮ್ಮಷ್ಟು ಗೊತ್ತಿರೋರು ಇಲ್ಲಿ ಯಾರೂ ಇಲ್ಲ.”

“ನಿಮಗೆ ನನ್ನ ಹಂಗ್ಯಾಕೆ, ಪಾನಿ ಡಾಕ್ಟರ್. ನಿಮ್ಮ ಹತ್ರ ಹೊಸ ಕಾಲದ ಸಲಕರಣೆ ಇದೆಯಲ್ಲ.”

ಅವಳು ಕೆಂಪಾಗಿ ಹೊರಟುಹೋದಳು. ನಾನು ನೇರ ಸೂಜಿಕೋಣೆಗೆ ಹೋಗಿ ಅವಳ ನೋಟ್‌ಬುಕ್ ತೆರೆದೆ. ಅವಳು ಕರೆದಾಗ ನೋಡಲೊಲ್ಲದ ಲೆಕ್ಕವನ್ನು ಕಳ್ಳಿಯ ಹಾಗೆ ಬಾಗಿಲು ಮುಂದೆ ಮಾಡಿ ನೋಡಿದೆ, ಒಂದು ಕಿವಿ ಕಾರಿಡಾರಿನ ಕಡೆಗಿಟ್ಟು.

ಅಲೆಮಾರಿಗಳನ್ನು ಅಳೆದ ಸೂಜಿಯ ಬಿಗಿ: ಪುಟದಲ್ಲಿ ಇಪ್ಪತ್ತೊಂದು. ಕಂಪ್ಯೂಟರಿನಲ್ಲಿ ಇಪ್ಪತ್ತೇಳು.

ಬೆರಳು ತಪ್ಪಿ ಒತ್ತಿದ್ದಾಳೆ. ಕಂಪ್ಯೂಟರಿಗೆ ಇಪ್ಪತ್ತೊಂದು ಹಾಕಿ ಹೊಸದಾಗಿ ಲೆಕ್ಕ ಮಾಡಿದೆ. ಮನೆಗುಬ್ಬಿ ನೂರಾದರೆ ಅಲೆಮಾರಿ ಎಪ್ಪತ್ತೆಂಟು. ನನ್ನದೇ ಕಾಲುಭಾಗ, ನನ್ನ ಪ್ರಬಂಧದಲ್ಲಿದ್ದ ಅದೇ ಎಪ್ಪತ್ತೆಂಟು, ಪ್ರಮಾಣ ಮಾಡಿದ ಸಾಕ್ಷಿಯಂತೆ ಪರದೆಯ ಮೇಲೆ ಬಂತು. ಕುಣಿಯುವುದೊಂದು ಬಾಕಿ. ಅಷ್ಟು ಸರಿಯಾಗಿ ತಾಳೆಯಾದದ್ದೇ ನನ್ನನ್ನು ಎಚ್ಚರಿಸಬೇಕಿತ್ತು, ಆದರೆ ಆಗ ನನಗೆ ಎಚ್ಚರ ಬೇಕಿರಲಿಲ್ಲ.

ಅವಳ ಇಪ್ಪತ್ತೇಳನ್ನೇ ಮತ್ತೆ ಹಾಕಿಟ್ಟು ಎದ್ದೆ. ಓಡಿಹೋಗಿ ಅವಳಿಗೆ ಹೇಳಬಹುದಿತ್ತು. ಹೇಳಲಿಲ್ಲ. ನಾಳೆ ಎಲ್ಲರೆದುರಿಗೆ ಹೇಳುತ್ತೇನೆ ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಎಂದಿನಂತೆ ಬೇಕರಿ ಮುಂದೆ ಒಂದು ಗಂಟೆ ಸರದಿಯಲ್ಲಿ ನಿಂತು ಮೂವತ್ತು ಪೋಂಚ್ಕಿ ತಂದೆ. ಇಪ್ಪತ್ತು ವರ್ಷದಿಂದ ಅದು ನನ್ನ ಕೆಲಸ. ಹೋಗಿ ನೋಡಿದರೆ ಮೇಜಿನ ಮೇಲೆ ಆಗಲೇ ಒಂದು ಗುಡ್ಡೆ ಇತ್ತು. ಕಿಂಗಾ ಮನೆಯಲ್ಲೇ ಕರಿದು ತಂದಿದ್ದಳು. ಪ್ರೊಫೆಸರ್ ಅವಳದೊಂದನ್ನು ಕೈಯಲ್ಲಿ ಹಿಡಿದು ಹೆಬ್ಬೆರಳಿಂದ ಒತ್ತಿ, ಬಿಟ್ಟು, ಮತ್ತೆ ಒತ್ತುತ್ತಿದ್ದರು.

“ನೋಡಿ, ಒತ್ತಿದ್ರೆ ತಗ್ಗುತ್ತೆ, ಬಿಟ್ರೆ ಎದ್ದುಬರುತ್ತೆ. ಇದೇ ನಮ್ಮ ಕಿಂಗಾಳ ಅಲೆಮಾರಿ.” ಆಮೇಲೆ ನನ್ನ ಡಬ್ಬಿಯದೊಂದನ್ನು ಒತ್ತಿದರು. ಅದು ತಗ್ಗಿತು, ಏಳಲಿಲ್ಲ. “ಇದು ವಿಮೆಂಟಿನ್ ಇಲ್ಲದ್ದು.”

ಎಲ್ಲರೂ ನಕ್ಕರು. ನಗಿ, ಇನ್ನರ್ಧ ಗಂಟೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಅವಳು ಚೆನ್ನಾಗಿಯೇ ಮಾತಾಡಿದಳು, ಒಪ್ಪಿಕೊಳ್ಳಬೇಕು. ಮುಗಿದ ಮೇಲೆ ಮೊದಲು ಕೈ ಎತ್ತಿದವಳು ನಾನು.

“ಒಂದು ಸಣ್ಣ ಪ್ರಶ್ನೆ, ಪಾನಿ ಡಾಕ್ಟರ್. ಅಲೆಮಾರಿಗಳನ್ನ ಅಳೆದ ಸೂಜಿಯ ಬಿಗಿ ಎಷ್ಟು?”

“ಇಪ್ಪತ್ತೇಳು.”

“ನಿಮ್ಮ ನೋಟ್‌ಬುಕ್ಕಲ್ಲಿ ಇಪ್ಪತ್ತೊಂದು ಅಂತಿದೆಯಲ್ಲ.”

ಅವಳು ಪುಟ ತಿರುವಿದಳು. “ಇಲ್ವಲ್ಲ. ಇಪ್ಪತ್ತೇಳೇ ಇದೆ.”

“ದೊಡ್ಡದಾಗಿ ತೋರಿಸಿ. ಎಲ್ರೂ ನೋಡ್ಲಿ.”

ಅವಳು ಪುಟವನ್ನು ಕ್ಯಾಮೆರಾದ ಕೆಳಗಿಟ್ಟಳು. ಪರದೆಯ ಮೇಲೆ ಸಂಖ್ಯೆ ಬಾಗಿಲಷ್ಟು ದೊಡ್ಡದಾಗಿ ಮೂಡಿತು. ಯಂತ್ರಗಳನ್ನು ನೋಡಿಕೊಳ್ಳುವ ಪಾನ್ ಗೆರಾರ್ದ್ ಕತ್ತು ಚಾಚಿ ನೋಡಿ, “ಇಪ್ಪತ್ತೊಂದೇ,” ಎಂದ. ಪ್ರೊಫೆಸರ್ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಕಿಂಗಾಳ ಮುಖ ಬಿಳಿಚಿತು. ಆ ಬಿಳುಪು ನೋಡಿ ನನಗಾದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ಅಂಥ ಸಂತೋಷ ನನಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

ಅವಳು ಒಂದು ನಿಮಿಷ ಪರದೆಯನ್ನೂ ನಮ್ಮನ್ನೂ ನೋಡಿದಳು. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಒಂದು ನೆಟ್ಟನೆಯ ಗೆರೆ ಎಳೆದಳು.

“ಇದು ನನ್ನ ಒಂದು.” ಪಕ್ಕದಲ್ಲಿ ತಲೆ ಬಾಗಿದ ಇನ್ನೊಂದು ಗೆರೆ. “ಇದು ನನ್ನ ಏಳು. ಎಡಿನ್‌ಬರೋ ಶಾಲೇಲಿ ಹೀಗೇ ರೂಢಿ ಆಗಿದ್ದು. ಮೇಲ್ಗಡೆ ತಾರೀಖು ನೋಡಿ, ಹದಿನೈದು. ಅಲ್ಲಿರೋ ಒಂದು ಬರೀ ಕಡ್ಡಿ.”

ತಾರೀಖಿನ ಒಂದು ಬರೀ ಕಡ್ಡಿಯೇ ಆಗಿತ್ತು. ನಮ್ಮೂರಿನ ಶಾಲೆಯಲ್ಲಿ ಒಂದನ್ನು ಬರೆಯುವುದೇ ತಲೆ ಬಾಗಿಸಿ, ಉದ್ದ ಮೂಗು ಬಿಟ್ಟು. ಏಳು ಅದರ ಜೊತೆ ಕಲೆಸಿಹೋಗಬಾರದೆಂದು ನಡುವಿಗೊಂದು ಅಡ್ಡಗೆರೆ ಹಾಕುತ್ತೇವೆ. ಅಡ್ಡಗೆರೆಯಿಲ್ಲದ 7 ನಮ್ಮ ಕಣ್ಣಿಗೆ 1 ಆಗಿಯೇ ಕಾಣುತ್ತದೆ.

“ಇದು ಏಳೇನಮ್ಮಾ?” ಗೆರಾರ್ದ್ ಅಂದ. “ಸೊಂಟಪಟ್ಟಿ ಇಲ್ದೆ ಪ್ಯಾಂಟು ಜಾರ್ತಾ ಇದೆ.”

ಕೋಣೆ ನಗೆಯಿಂದ ತುಂಬಿತು. ಕಿಂಗಾಳೂ ಕಣ್ಣೊರೆಸಿಕೊಂಡು ನಕ್ಕಳು. ಪ್ರೊಫೆಸರ್ ಮಾತ್ರ ನನ್ನ ಕಡೆ ತಿರುಗಿದರು.

“ಪಾನಿ ಬೊಗ್ನಾ, ನೋಟ್‌ಬುಕ್ ಯಾವಾಗ ನೋಡಿದ್ರಿ?”

“ನಿನ್ನೆ.”

“ನಿನ್ನೇನೇ ಅವಳನ್ನ ಕೇಳ್ಬಹುದಿತ್ತು.”

ಅಷ್ಟೇ ಅಂದರು. ನಾನು ನನ್ನ ಡಬ್ಬಿಯ ಪೋಂಚ್ಕಿಯೊಂದನ್ನು ಬಾಯಿಗಿಟ್ಟುಕೊಂಡೆ, ಉತ್ತರ ಕೊಡಬೇಕಾಗಿ ಬರಬಾರದೆಂದು. ಗೆರಾರ್ದ್ ಅಷ್ಟಕ್ಕೆ ಬಿಡುವವನಲ್ಲ.

“ಬ್ರಿಟನ್ನಿನೋರ ಏಳನ್ನೆಲ್ಲ ನಾವು ಒಂದು ಅಂತ ಓದಿ ಎಷ್ಟು ಜನರ ಡಾಕ್ಟರೇಟು ಜಾರಿಬಿದ್ದಿದೆಯೋ,” ಎಂದು ಇನ್ನೊಂದು ತಟ್ಟೆಗೆ ಕೈಚಾಚಿದ.

ಕೈಯಲ್ಲಿ ಉಳಿದರ್ಧವನ್ನು ನಾನು ಮೇಜಿನ ಮೇಲಿಟ್ಟೆ.

೨೦೦೩ರಲ್ಲಿ ಸೂಜಿಯ ಬಿಗಿ ಅಳೆಯುವ ಏರ್ಪಾಡು ನಮ್ಮಲ್ಲಿರಲಿಲ್ಲ. ಬಾರ್ನ್ಸ್ ಎಂಬ ಇಂಗ್ಲಿಷ್ ಮುದುಕರೊಬ್ಬರು ಸ್ನೇಹಕ್ಕಾಗಿ ಎರಡು ಸೂಜಿಗಳನ್ನು ಅಳೆದು, ಪೆಟ್ಟಿಗೆಯ ಮುಚ್ಚಳದ ಮೇಲೆ ಪೆನ್ನಿನಲ್ಲಿ ಸಂಖ್ಯೆ ಬರೆದು ಅಂಚೆಯಲ್ಲಿ ಕಳಿಸಿದ್ದರು. ಮೊದಲ ಸೂಜಿ ಮನೆಗುಬ್ಬಿಗಳ ಅಳತೆ ಮುಗಿಯುವ ಹೊತ್ತಿಗೆ ಮುರಿಯಿತು. ಎರಡನೆಯದರಿಂದ ಅಲೆಮಾರಿಗಳನ್ನು ಅಳೆದೆ. ಆ ಪೆಟ್ಟಿಗೆಯನ್ನು ನಾನು ಬಿಸಾಡಿರಲಿಲ್ಲ. ಬೇರೆಯವರು ಮದುವೆಯ ಉಂಗುರ ಕಾಪಾಡಿದ ಹಾಗೆ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದೆ.

ನನ್ನ ಕೋಣೆಗೆ ಹೋಗಿ, ಬಾಗಿಲು ಹಾಕಿ, ಪೆಟ್ಟಿಗೆ ತೆಗೆದೆ. ಎ ಸೂಜಿ, ಇಪ್ಪತ್ನಾಲ್ಕು. ಬಿ ಸೂಜಿ, ಎರಡರ ಅಂಕಿ, ಅದರ ಪಕ್ಕದಲ್ಲಿ ತಲೆ ಬಾಗಿದ ಒಂದು ಗೆರೆ. ಕೆಳಗೆ ತಾರೀಖು, ಮಾರ್ಚ್ ಹನ್ನೊಂದು. ಆ ಹನ್ನೊಂದರಲ್ಲಿ ಎರಡು ನೆಟ್ಟನೆಯ ಕಡ್ಡಿಗಳು ಅಕ್ಕಪಕ್ಕ ನಿಂತಿದ್ದವು.

ಲೆಕ್ಕ ಮಾಡಲು ಕಾಗದ ಬೇಕಾಗಲಿಲ್ಲ, ನಿನ್ನೆಯಷ್ಟೇ ಅದನ್ನೇ ತಿರುಗಾಮುರುಗಾ ಮಾಡಿದ್ದೆ. ಇಪ್ಪತ್ತೇಳು ಇಟ್ಟರೆ ಅಲೆಮಾರಿಯೂ ನೂರು, ಮನೆಗುಬ್ಬಿಯೂ ನೂರು. ಕಾಲುಭಾಗ ಎಂಬುದು ಆ ಕೋಶಗಳಲ್ಲಿ ಯಾವತ್ತೂ ಇರಲೇ ಇಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕಿದರಂತೆ. ನನ್ನ ಹೆಗ್ಗಣ ಹದಿನೆಂಟು ವರ್ಷದಿಂದ ಅಲ್ಲೇ ಬಿದ್ದಿತ್ತು, ಮತ್ತೆ ಪಕ್ಕದ ಎಲೆಯಲ್ಲಿ ನೊಣವೂ ಇರಲಿಲ್ಲ.

ಪೆಟ್ಟಿಗೆಯನ್ನು ಖಾನೆಗೆ ಹಾಕಿ ಬೀಗ ಜಡಿಯಬಹುದಿತ್ತು. ಬಾರ್ನ್ಸ್ ತೀರಿಹೋಗಿ ಬಹಳ ಕಾಲವಾಗಿದೆ. ಆದರೆ ಇದು ನಿಜವಾಗಿಯೂ ಏಳೇ ಎಂದು ಖಚಿತವಾಗಿ ಹೇಳಬಲ್ಲವಳು ಈ ಕಟ್ಟಡದಲ್ಲಿ ಒಬ್ಬಳೇ ಇದ್ದಳು. ನನ್ನ ಕಣ್ಣನ್ನು ನಂಬುವ ಧೈರ್ಯ ಆ ದಿನ ನನಗಿರಲಿಲ್ಲ.

ಕಿಂಗಾ ಅಡುಗೆಮೂಲೆಯಲ್ಲಿ ನಿಂತು ಪೋಂಚ್ಕಿ ತಟ್ಟೆಗಳನ್ನು ತೊಳೆಯುತ್ತಿದ್ದಳು. ನಾನು ಪೆಟ್ಟಿಗೆಯನ್ನು ಅವಳ ಮುಂದೆ ಹಿಡಿದೆ.

“ಓದು.”

ಅವಳು ಪೆಟ್ಟಿಗೆ ನೋಡಲಿಲ್ಲ, ನನ್ನ ಮುಖ ನೋಡಿದಳು. ಪೋಲಿಷ್ ಎಷ್ಟೇ ಹರಕುಮುರುಕಾಗಿದ್ದರೂ ‘ಓದಿ’ಗೂ ‘ಓದು’ಗೂ ಇರುವ ವ್ಯತ್ಯಾಸ ಅವಳಿಗೆ ತಿಳಿಯಿತು.

“ಮುಚ್ಚಳದ ಮೇಲಿರೋದು. ಓದು.”

“ಎ, ಇಪ್ಪತ್ನಾಲ್ಕು. ಬಿ, ಇಪ್ಪತ್ತೇಳು.” ಬಸ್ಸಿನ ನಂಬರು ಓದಿದಷ್ಟು ಸಲೀಸಾಗಿ ಓದಿದಳು. ಆಮೇಲೆ ತಾರೀಖಿನ ಮೇಲೆ ಅವಳ ಕಣ್ಣು ನಿಂತಿತು. ನಲ್ಲಿ ಹರಿಯುತ್ತಲೇ ಇತ್ತು. ನನ್ನ ಪ್ರಬಂಧ ಅವಳಿಗೆ ಬಾಯಿಪಾಠ, ಅದರಲ್ಲಿ ಬಿ ಸೂಜಿಯ ಬಿಗಿ ಇಪ್ಪತ್ತೊಂದು ಎಂದು ಅಚ್ಚಾಗಿರುವುದು ಅವಳಿಗೆ ಗೊತ್ತು.

“ಇದು ಆ ಸೂಜಿನಾ?”

“ಹೌದು.”

ಅವಳು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಪೆಟ್ಟಿಗೆಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

“ನಾನು ಇದನ್ನ ನೋಡಿಲ್ಲ, ಪಾನಿ ಬೊಗ್ನಾ. ಬೇರೆ ಕೋಶಗಳಲ್ಲಿ ಮೆದುತನ ನಿಜಾನೇ ಅಲ್ವಾ, ಎಷ್ಟೋ ಜನ ಅಳೆದಿದಾರೆ. ಇದೊಂದು ಜೋಡಿ ತಪ್ಪಿದ್ರೆ ಏನೂ ಮುಳುಗಲ್ಲ. ಹತ್ತೊಂಬತ್ತು ವರ್ಷಕ್ಕೆ ನಿಮ್ಮ ಪ್ರಬಂಧ ಓದಿದೆ ಅಂತಲೇ ನಾನು ಈ ಕೆಲಸಕ್ಕೆ ಬಂದಿದ್ದು. ಸೂಜಿಕೋಣೆ ನಿಮಗೇ ಆಗ್ಬೇಕು.”

ಕಣ್ಣು ತುಂಬಿಬರಬೇಕಿತ್ತು. ಬಂದದ್ದು ಕೋಪ. ನಿನ್ನೆ ಇವಳದೊಂದು ತಪ್ಪು ಸಿಕ್ಕಿತೆಂದು ನಾನು ಏನು ಮಾಡಿದೆ, ಇಂದು ನನ್ನದು ಸಿಕ್ಕಾಗ ಇವಳು ಏನು ಮಾಡುತ್ತಿದ್ದಾಳೆ. ‘ನೀನು’ ಅವಳಿಗೆ, ಪೋಂಚ್ಕಿ ಅವಳದು, ಲೆಕ್ಕವೂ ಅವಳದೇ ಸರಿ. ಈಗ ದೊಡ್ಡ ಮನಸ್ಸೂ ಅವಳದೇ ಆಗಬೇಕೇ? ಅಷ್ಟನ್ನು ಅವಳಿಗೆ ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ಅವಳು ಕೂಗುತ್ತಿದ್ದರೂ ತಿರುಗಿ ನೋಡದೆ ಪ್ರೊಫೆಸರ್ ಕೋಣೆಗೆ ನಡೆದೆ.

ಅವರು ನಿರ್ದೇಶಕರಿಗೆ ಪತ್ರ ಬರೆಯುತ್ತ ಕೂತಿದ್ದರು. ನಾನು ಪೆಟ್ಟಿಗೆಯನ್ನು ಪತ್ರದ ಮೇಲೆಯೇ ಇಟ್ಟೆ.

“ಓದಿ, ಪ್ರೊಫೆಸರ್.”

“ಇಪ್ಪತ್ನಾಲ್ಕು. ಇಪ್ಪತ್ತೊಂದು. ನಮ್ಮ ಬಾರ್ನ್ಸ್ ಕೈಬರಹ, ಪಾಪ.”

ನಾನು ಅವರ ಕೈಯಿಂದ ಪೆನ್ನು ತೆಗೆದುಕೊಂಡು ಕೊನೆಯ ಅಂಕಿಯ ನಡುವಿಗೆ ಒಂದು ಅಡ್ಡಗೆರೆ ಎಳೆದೆ.

“ಈಗ ಓದಿ.”

ಅವರು ಓದಿದರು. ತಾರೀಖಿನ ಎರಡು ಕಡ್ಡಿಗಳನ್ನು ನೋಡಿದರು. ಆ ಪ್ರಬಂಧದಲ್ಲಿ ನನ್ನ ಹೆಸರಿನ ಪಕ್ಕದಲ್ಲಿ ಅವರ ಹೆಸರೂ ಇತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣು ಉಜ್ಜಿಕೊಂಡರು.

“ಕಿಂಗಾಗೆ ಗೊತ್ತಾ?”

“ಗೊತ್ತು. ನೋಡಿಲ್ಲ ಅಂತ ಹೇಳಿದ್ಲು.”

“ಮತ್ತೆ ನೀವ್ಯಾಕೆ ಇಲ್ಲಿಗೆ ತಂದ್ರಿ?”

“ಹೊಟ್ಟೆಕಿಚ್ಚು, ಪ್ರೊಫೆಸರ್. ಇದರಲ್ಲೂ ಅವಳೇ ಮುಂದೆ ಹೋಗೋದು ನನಗೆ ತಡ್ಕೊಳ್ಳೋಕಾಗ್ಲಿಲ್ಲ.”

ಅವರು ಎದ್ದು ಬಂದು, ಗೋಡೆಯ ಪಕ್ಕದಲ್ಲಿದ್ದ ಕುರ್ಚಿಯನ್ನು ತಾವೇ ಎಳೆದು ನನ್ನ ಹಿಂದೆ ಇಟ್ಟರು.

“ಕೂತ್ಕೋ, ಬೊಗ್ನಾ.”

ಒಂದು ಕ್ಷಣ ಯಾರಿಗೆ ಹೇಳಿದರೋ ಎಂದು ನಿಂತೇ ಇದ್ದೆ. ಆಮೇಲೆ ಕೂತೆ. ಮೇಜಿನ ಮೇಲಿನ ಪತ್ರದಲ್ಲಿ ಎಲ್ಲ ಬರೆದಾಗಿತ್ತು, ಹೆಸರಿನ ಜಾಗವೊಂದು ಖಾಲಿ ಇತ್ತು. ಪೆನ್ನು ಇನ್ನೂ ನನ್ನ ಕೈಯಲ್ಲೇ ಇತ್ತು. ನಾನು ಅದನ್ನು ಅವರ ಕಡೆಗೆ ಚಾಚಿದೆ. ಹೊಟ್ಟೆಯಲ್ಲಿ ಉರಿ ಇನ್ನೂ ಆರಿರಲಿಲ್ಲ.

“ಕಿಂಗಾ ಅಂತ ಬರಿ, ಆಂಬ್ರೋಜಿ,” ಎಂದೆ.